ಆ ಸದ್ದು ವಾಷಿಂಗ್ ಮೆಷಿನ್ನಿನದಲ್ಲ, ಅಮ್ಮ

ಲಂಡನ್
ಮಾರ್ಚ್ 8, ಭಾನುವಾರ

ಅಮ್ಮ,

ಜನವರಿಯಲ್ಲಿ ಫೋನ್ ಮಾಡಿದಾಗ "ಅದೇನೇ ಹಿಂದೆ ಧಡಧಡ ಸದ್ದು" ಎಂದು ನೀನು ಕೇಳಿದ್ದೆ. ನಾನು ವಾಷಿಂಗ್ ಮೆಷಿನ್ ಅಂದೆ. ಸುಳ್ಳು. ನಿನಗೆ ಬೆಳಿಗ್ಗೆ ಏಳೂವರೆ ಅಂದರೆ ನನಗೆ ರಾತ್ರಿ ಎರಡು ಗಂಟೆ. ಆ ಹೊತ್ತಲ್ಲಿ ಯಾರು ಬಟ್ಟೆ ಒಗೆಯುತ್ತಾರೆ? ಆಗಲೇ ಹೇಳಿದ್ದರೆ ಅಪ್ಪ ಟಿಕೆಟ್ ತೆಗೆದುಕೊಂಡು ವಾಪಸ್ ಬಾ ಅಂತಿದ್ದರು. ಈಗ ಸದ್ದು ನಿಂತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾವಿರುವುದು ಕೌನ್ಸಿಲ್ ಕಟ್ಟಡ. ಕೌನ್ಸಿಲ್ ಅಂದರೆ ನಮ್ಮ ನಗರಸಭೆ ಇದ್ದ ಹಾಗೆ, ಆದರೆ ಮನೆ ಕಟ್ಟಿಸಿ ಕಡಿಮೆ ಬಾಡಿಗೆಗೂ ಕೊಡುತ್ತದೆ. 1980ರಲ್ಲಿ ಥ್ಯಾಚರ್ ಸರ್ಕಾರ, ಬಾಡಿಗೆಗೆ ಇದ್ದವರೇ ಆ ಮನೆಗಳನ್ನು ರಿಯಾಯಿತಿಯಲ್ಲಿ ಕೊಳ್ಳಬಹುದು ಎಂದು ಕಾನೂನು ಮಾಡಿತು. ಹಾಗೆ ಕೊಂಡವರು ಇನ್ನೊಬ್ಬರಿಗೆ ಮಾರಿ, ಅವರು ಮತ್ತೊಬ್ಬರಿಗೆ ಮಾರಿ, ಈಗ ನಮ್ಮಂಥವರು ದುಬಾರಿ ಬಾಡಿಗೆ ಕೊಟ್ಟು ಇದ್ದೇವೆ. ಲಿಫ್ಟು ಮಾತ್ರ ಎಲ್ಲರಿಗೂ ಒಂದೇ. ಅದು ಕೆಟ್ಟರೂ ಎಲ್ಲರಿಗೂ ಒಂದೇ!

ನಮ್ಮ ಮೇಲಿನ ಮನೆಯಲ್ಲಿ ಕೌನ್ಸಿಲ್ ಬಾಡಿಗೆದಾರರೊಬ್ಬರು, ಅರವತ್ತರ ಹತ್ತಿರದ ಒಂಟಿ ಮನುಷ್ಯ. ಕೋಲು ಊರಿಕೊಂಡು ನಡೆಯುತ್ತಾರೆ. ಹಿಂದಿನ ದೀಪಾವಳಿಗೆ ನೀನು ಕಳಿಸಿದ್ದ ಕೋಡುಬಳೆ ಒಂದಿಷ್ಟು ಕೊಟ್ಟು ಬಂದಿದ್ದೆ. ಮೂರು ದಿನ ಬಿಟ್ಟು ಡಬ್ಬಿ ತೊಳೆದು ತಂದುಕೊಟ್ಟರು. ಒಳಗೆ ಎರಡು ಸೇಬು. ಖಾಲಿ ಡಬ್ಬಿ ವಾಪಸ್ ಕೊಡಬಾರದು ಅಂತ ಅವರಿಗೆ ಯಾರು ಹೇಳಿದ್ದರೋ.

ನವೆಂಬರಿನಿಂದ ಅಲ್ಲಿ ಗಲಾಟೆ ಶುರುವಾಯಿತು. ರಾತ್ರಿಯಿಡೀ ಹಾಡು, ಬಾಗಿಲು ಬಡಿಯುವುದು, ಮೆಟ್ಟಿಲ ಮೇಲೆ ಗಾಂಜಾ ವಾಸನೆ. ಮೂರು ಗಂಟೆಗೆ ಯಾರೋ ಕೆಳಗೆ ನಿಂತು ಎಲ್ಲ ಮನೆಗಳ ಬೆಲ್ ಒತ್ತುತ್ತಿದ್ದರು, ಯಾರಾದರೂ ಗೇಟು ತೆಗೆಯಲಿ ಅಂತ. ಒಂಟಿಕೊಪ್ಪಲಿನ ವಠಾರದಲ್ಲಾಗಿದ್ದರೆ ಅಪ್ಪ ಲುಂಗಿ ಎತ್ತಿ ಕಟ್ಟಿಕೊಂಡು ಹೋಗಿ ಬೈದು ಬರುತ್ತಿದ್ದರು. ನಾನೂ ಒಂದು ಸಲ ಮೇಲೆ ಹೋದೆ. ಇಪ್ಪತ್ತರ ಹುಡುಗನೊಬ್ಬ ಬಾಗಿಲು ತೆಗೆದ. ಮಾತಾಡಲಿಲ್ಲ, ಸುಮ್ನೆ ನೋಡಿದ. ಏನೂ ಹೇಳದೆ ಇಳಿದು ಬಂದೆ. ಆ ರಾತ್ರಿ ಚಿಲಕ ಎರಡೆರಡು ಸಲ ನೋಡಿದೆ.

ಇಂಥ ಪುಂಡಾಟಕ್ಕೆ ಇಲ್ಲಿ ಆಂಟಿ ಸೋಶಿಯಲ್ ಬಿಹೇವಿಯರ್ ಅಂತಾರೆ. ಎದುರಿಗೆ ಹೋಗಿ ಜಗಳ ಆಡಬೇಡಿ, ನಮಗೆ ತಿಳಿಸಿ ಅಂತಾರೆ. ಪ್ರಾಣಕ್ಕೆ ಅಪಾಯ ಇದ್ದರೆ 999, ಇಲ್ಲದಿದ್ದರೆ ಪೊಲೀಸರ 101. ಕೌನ್ಸಿಲ್‌ಗೆ ಬೇರೆ ದೂರು. ದೂರು ಕೊಟ್ಟಾಗ ಡೈರಿ ಹಾಳೆಗಳನ್ನು ಕಳಿಸಿದರು. ತಾರೀಖು, ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ನಿಂತಿತು, ಏನು ಕೇಳಿಸಿತು, ಯಾರು ಮಾಡಿದರು, ನಿಮಗೇನು ತೊಂದರೆಯಾಯಿತು, ಇಷ್ಟನ್ನೂ ಪ್ರತಿ ಸಲ ಬರೆಯಬೇಕು. ನೀನು ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತೀಯಲ್ಲ, ಹಾಗೆ ನಾನು ಸದ್ದಿನ ಲೆಕ್ಕ ಬರೆದೆ. ಮಗು ಅತ್ತಿದ್ದು, ಯಾರೋ ನಡೆದಾಡಿದ್ದು ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ, ಅದು ಸಂಸಾರದ ಸದ್ದು. ಅದಾದ ಮೇಲೆ ಬೆಳಿಗ್ಗೆ ಎಂಟರ ಒಳಗೆ ನಾನು ಮಿಕ್ಸಿ ಹಾಕುತ್ತಿಲ್ಲ. ಯಾರ ಡೈರಿಯಲ್ಲಿ ನಮ್ಮ ಚಟ್ನಿ ಇದೆಯೋ ಯಾರಿಗೆ ಗೊತ್ತು.

ಎರಡು ತಿಂಗಳು ಬರೆದೆ. ಅಷ್ಟರಲ್ಲಿ ಕೌನ್ಸಿಲ್‌ನಲ್ಲಿ ನಮ್ಮ ಕೇಸು ನೋಡುವವರು ಮೂರು ಜನ ಬದಲಾದರು. ಪ್ರತಿ ಸಲ ಮೊದಲಿನಿಂದ ಪುರಾಣ ಹೇಳಬೇಕು. ಅವರು ಮಾಡಿದ್ದು ಮೇಲಿನ ಮನೆಗೆ ಎಚ್ಚರಿಕೆಯ ಪತ್ರ ಕಳಿಸಿದ್ದು, ಅಷ್ಟೇ. ಆಮೇಲೆ ಎದುರು ಮನೆಯ ನೈಜೀರಿಯಾದ ಅಜ್ಜಿ ಒಂದು ದಾರಿ ಹೇಳಿಕೊಟ್ಟರು. 2014ರ ಕಾನೂನಿನಲ್ಲಿ ಕೇಸ್ ರಿವ್ಯೂ ಅಂತ ಇದೆ. ಆರು ತಿಂಗಳಲ್ಲಿ ಮೂರು ದೂರು ಕೊಟ್ಟಿದ್ದರೆ ಸಾಕು, ಕೌನ್ಸಿಲ್, ಪೊಲೀಸ್ ಎಲ್ಲರೂ ಒಟ್ಟಿಗೆ ಕೂತು ಯಾಕೆ ಏನೂ ಆಗಿಲ್ಲ ಎಂದು ನೋಡಲೇಬೇಕು. ಅಜ್ಜಿ, ನಾನು ಇಬ್ಬರೂ ಅರ್ಜಿ ಹಾಕಿದೆವು.

ಅದಾದ ಮೇಲೆ ಒಬ್ಬ ಪೊಲೀಸ್ ಹೆಂಗಸು ಮನೆಗೆ ಬಂದಳು. ಟೀ ಕುಡಿಯುತ್ತಾ ಡೈರಿಯ ಹಾಳೆ ತಿರುವಿದಳು. ಕೇಳಿದ್ದು ಒಂದೇ ಪ್ರಶ್ನೆ: "ಆ ಮನೆಯವರನ್ನು ಕೊನೆಗೆ ನೋಡಿದ್ದು ಯಾವಾಗ?"

ಅಮ್ಮ, ನನಗೆ ಉತ್ತರ ಹೊಳೆಯಲಿಲ್ಲ. ನಲವತ್ತೊಂದು ಸಲ ಬರೆದಿದ್ದೆ. "ಯಾರು ಮಾಡಿದರು" ಅನ್ನುವ ಕಡೆಯೆಲ್ಲ ಅವರ ಹೆಸರು. ಅವರನ್ನು ಕಂಡಿದ್ದು ಒಂದು ಸಲವೂ ಇಲ್ಲ.

ಇದಕ್ಕೆ ಇಲ್ಲಿ ಕುಕೂಯಿಂಗ್ ಅಂತಾರೆ. ಕೋಗಿಲೆ ಕಾಗೆ ಗೂಡಿನಲ್ಲಿ ಮೊಟ್ಟೆ ಇಡುವ ಹಾಗೆ. ಡ್ರಗ್ಸ್ ಮಾರುವವರು ಒಂಟಿಯಾಗಿರುವ, ಕಾಯಿಲೆ ಇರುವವರನ್ನು ಹುಡುಕಿ ಸ್ನೇಹ ಮಾಡಿಕೊಂಡು, ಆಮೇಲೆ ಮನೆಯನ್ನೇ ಹಿಡಿದುಕೊಳ್ಳುತ್ತಾರೆ. ಕೋಗಿಲೆ ಅಂದರೆ ನಮಗೆ ಯುಗಾದಿ, ಮಾವಿನ ಚಿಗುರು. ಇಲ್ಲಿ ಅದರ ಹೆಸರು ಇದಕ್ಕೆ. ಮೇಲಿನ ಮನೆಯ ಆ ಒಂಟಿ ಮನುಷ್ಯ ಒಳರೂಮಿನಲ್ಲೇ ಇದ್ದರಂತೆ, ಹೆದರಿಕೊಂಡು. ನನ್ನ ದೂರಿನಿಂದ ಹೊರಟ ಎಚ್ಚರಿಕೆಯ ಪತ್ರ ಹೋಗಿದ್ದು ಅವರ ಹೆಸರಿಗೆ. ನಿಮ್ಮ ನಡತೆ ಸರಿಯಿಲ್ಲ, ಮನೆ ಹೋದೀತು ಅಂತ.

ಮುಂದಿನದು ಬೇಗ ಆಯಿತು. ಮ್ಯಾಜಿಸ್ಟ್ರೇಟ್ ಕೋರ್ಟು ಮೂರು ತಿಂಗಳ ಕ್ಲೋಶರ್ ಆರ್ಡರ್ ಕೊಟ್ಟಿತು. ಅವರು ಮನೆಯಲ್ಲೇ ಇರಬಹುದು, ಕೋರ್ಟು ಹೇಳಿದ ಕೆಲವರನ್ನು ಬಿಟ್ಟು ಬೇರೆ ಯಾರೂ ಕಾಲಿಡುವ ಹಾಗಿಲ್ಲ. ಇಟ್ಟರೆ ಅರೆಸ್ಟ್. ಕೋರ್ಟಿಗೆ ನನ್ನ ಡೈರಿಯೂ ಹೋಗಿತ್ತು, ಎಷ್ಟು ಹೊತ್ತಿಗೆ ಎಷ್ಟು ಜನ ಬಂದರು ಎನ್ನುವುದಕ್ಕೆ ಅದೇ ಸಾಕ್ಷಿ. ಪೊಲೀಸ್ ಹೆಂಗಸು ಥ್ಯಾಂಕ್ಸ್ ಹೇಳಿದಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ಈಗ ರಾತ್ರಿ ಕೋಲಿನ ಟಕ್ ಟಕ್ ಮಾತ್ರ ಕೇಳಿಸುತ್ತದೆ. ಮೊನ್ನೆ ಚಿತ್ರಾನ್ನ ಮಾಡಿ ಅದೇ ಡಬ್ಬಿಯಲ್ಲಿ ತೆಗೆದುಕೊಂಡು ಹೋದೆ. ಒಳಗೆ ಇದ್ದರು, ಬಾಗಿಲು ತೆಗೆಯಲಿಲ್ಲ. ಹಿಡಿಕೆಗೆ ಚೀಲ ನೇತುಹಾಕಿ ಬಂದೆ. ಸಂಜೆ ನೋಡಿದರೆ ಚೀಲ ಇರಲಿಲ್ಲ. ಡಬ್ಬಿ ಇನ್ನೂ ಬಂದಿಲ್ಲ.

ಅಪ್ಪನಿಗೆ ಇದನ್ನು ಓದಿ ಹೇಳು, ಹುಡುಗ ಬಾಗಿಲು ತೆಗೆದ ಭಾಗ ಬಿಟ್ಟು. ಏಪ್ರಿಲ್‌ನಲ್ಲಿ ಚಿಕ್ಕಪ್ಪನ ಮಗ ಬರುವಾಗ ಒಂದು ಕೆಜಿ ಕೋಡುಬಳೆ ಕಳಿಸು. ಅದರಲ್ಲಿ ಅರ್ಧಕ್ಕೆ ಖಾರ ಕಡಿಮೆ ಹಾಕು.

ನಿನ್ನ,
ಸುಮ