ಆ ರಾತ್ರಿ ಎಚ್ಚರವಿದ್ದ ಅಕ್ಕನಿಗೆ

ಮಗಳಿಗೆ ಮೂರು ತಿಂಗಳು ತುಂಬಿತು. ಹೆರಿಗೆ ಆದ ಮೇಲೆ ಮಾಡಿಸಬೇಕಿದ್ದ ಶುಗರ್ ಟೆಸ್ಟ್ ನಾರ್ಮಲ್ ಬಂದಿದೆ. ಬಸುರಿಯಾಗಿದ್ದಾಗ ಬಂದ ಶುಗರ್, ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆ, ಇವೆರಡರ ನಡುವೆ ಈ ಮಳೆಗಾಲ ನಮಗೆ ಹೇಗೆ ಕಳೆಯಿತು ಅಂತ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು, ಹಾಗಾಗಿ ಆಸ್ಪತ್ರೆಯ ಕಥೆಯನ್ನೆಲ್ಲ ಮತ್ತೆ ಹೇಳುವುದಿಲ್ಲ. ಕೆಲವರ ಋಣ ಮಾತ್ರ ಹೇಳಿಕೊಳ್ಳಲೇಬೇಕು.

ತೀರ್ಥಹಳ್ಳಿಯ ನಮ್ಮ ಡಾಕ್ಟರಮ್ಮ, ಶಿವಮೊಗ್ಗದಲ್ಲಿ ಸ್ಲೀಪ್ ಸ್ಟಡಿ (ನಿದ್ದೆಯಲ್ಲಿ ಉಸಿರು ಹೇಗಿದೆ ಅಂತ ನೋಡುವ ಪರೀಕ್ಷೆ) ಮಾಡಿದವರು, ಯಾವ ಹೊತ್ತಿಗೆ ಕರೆದರೂ ಜೀಪು ತೆಗೆದ ತಮ್ಮ, ಮನೆಗೇ ಬಂದು ಬಿಪಿ ನೋಡಿ ಹೋಗುತ್ತಿದ್ದ ಆಶಾ ಅಕ್ಕ, ಹಿತ್ತಿಲ ತುಂಬ ಹಲಸು ಬಿದ್ದಿದ್ದರೂ ನನ್ನೆದುರು ಒಂದು ತೊಳೆಯನ್ನೂ ಬಾಯಿಗಿಡದ ಅತ್ತೆ, ಎಲ್ಲರಿಗೂ ಕೈ ಮುಗಿಯುತ್ತೇನೆ.

ಉಳಿದದ್ದೆಲ್ಲ ನನ್ನ ಓರಗಿತ್ತಿ, ಅಕ್ಕನಿಗೆ.

ನಮ್ಮ ಯಜಮಾನರು ಕೆಲಸದ ಮೇಲೆ ಬೆಂಗಳೂರಲ್ಲಿದ್ದರು. ಶುಗರ್ ಬಂದಿದೆ ಅಂತ ಗೊತ್ತಾದ ಮೇಲೆ ಅಕ್ಕ ನನ್ನ ಕೋಣೆಯಲ್ಲೇ ಮಲಗಲು ಶುರು ಮಾಡಿದರು. ಒಂದು ದಿನ ಬೆಳಿಗ್ಗೆ ಕಾಫಿ ಕೊಡುತ್ತಾ, "ನಿನ್ನ ಗೊರಕೆ ಮಧ್ಯೆ ಮಧ್ಯೆ ನಿಂತು ಹೋಗ್ತದೆ ಮಾರಾಯ್ತಿ. ಆಮೇಲೆ ಮುಳುಗಿ ಎದ್ದವಳ ಹಾಗೆ ಉಸಿರು ಎಳ್ಕೊಳ್ತೀಯ" ಅಂದರು. ಬಸುರಿಯರಿಗೆ ಮೂಗು ಕಟ್ಟುತ್ತದೆ, ಗೊರಕೆ ಸಹಜ ಅಂತ ಮನೆಗೆ ಬಂದವರೆಲ್ಲ ಹೇಳಿದರು. ಹೆಂಗಸಿನ ಗೊರಕೆಯ ಮಾತು ಹೊರಗೆ ಯಾಕೆ ಅಂದವರೂ ಇದ್ದರು. ಅಕ್ಕ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ರಾತ್ರಿ ಫೋನಿನಲ್ಲಿ ರೆಕಾರ್ಡ್ ಮಾಡಿ, ಮುಂದಿನ ಚೆಕಪ್‌ನಲ್ಲಿ ಡಾಕ್ಟರಮ್ಮನ ಮೇಜಿನ ಮೇಲಿಟ್ಟು ಕೇಳಿಸಿದರು.

ಗೊರಕೆ, ಗೊರಕೆ, ಆಮೇಲೆ ಏನೂ ಇಲ್ಲ. ಆ ಸದ್ದಿಲ್ಲದ ಹೊತ್ತಿನಲ್ಲಿ ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

ಸ್ಲೀಪ್ ಸ್ಟಡಿ ಮಾಡಿಸಿದಾಗ ನನಗಿದ್ದದ್ದು ಸ್ಲೀಪ್ ಅಪ್ನಿಯಾ ಅಂತ ಗೊತ್ತಾಯ್ತು. ಅಂದರೆ ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುವುದು. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಬೆಚ್ಚಿ ಎಬ್ಬಿಸುತ್ತದೆ. ನಮಗೆ ಎದ್ದದ್ದೇ ಗೊತ್ತಾಗುವುದಿಲ್ಲ. ಗಂಟೆಗೆ 5 ಸಲ ಅಥವಾ ಅದಕ್ಕಿಂತ ಜಾಸ್ತಿ ಹೀಗಾದರೆ ಅದನ್ನು ಕಾಯಿಲೆ ಅಂತಲೇ ಲೆಕ್ಕ ಹಾಕುತ್ತಾರೆ. ಪ್ರತಿ ಸಲ ಬೆಚ್ಚಿದಾಗಲೂ ಒತ್ತಡದ ಹಾರ್ಮೋನುಗಳು ಏರಿ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಗರ್ಭಿಣಿಯಾಗಿದ್ದಾಗ ಶುಗರ್ ಬಂದವರಲ್ಲಿ ಈ ತೊಂದರೆ ಉಳಿದ ಗರ್ಭಿಣಿಯರಿಗಿಂತ ಜಾಸ್ತಿ ಕಾಣುತ್ತದಂತೆ. ಬಿಪಿ ಏರುವ ಭಯವೂ ಇದೆ. ಗೊರಕೆ ನಿಂತಿತಲ್ಲ ಅಂತ ಪಕ್ಕದವರು ಸಮಾಧಾನ ಮಾಡಿಕೊಳ್ಳುವ ಹೊತ್ತೇ ಉಸಿರು ನಿಂತಿರುವ ಹೊತ್ತು. ಅದನ್ನು ಮೊದಲು ಗುರುತಿಸಿದವರು ಅಕ್ಕ.

ಸಿಪ್ಯಾಪ್ ಮಷಿನ್ ಬಂತು. ಮಾಸ್ಕಿನಿಂದ ಬರುವ ಗಾಳಿಯ ಒತ್ತಡ ಗಂಟಲು ಮುಚ್ಚದ ಹಾಗೆ ಹಿಡಿದಿಡುತ್ತದೆ. ಅದನ್ನು ಹಾಕಿಕೊಂಡರೆ ಶುಗರ್ ಇಳಿದೇ ಇಳಿಯುತ್ತದೆ ಅಂತ ಯಾರೂ ಹೇಳಲಿಲ್ಲ. ಇನ್ಸುಲಿನ್ ಮುಂದುವರಿಯಿತು. ಆದರೆ ಬೆಳಗಿನ ತಲೆನೋವು ಹೋಯ್ತು, ಹಗಲಲ್ಲಿ ಕೂತಲ್ಲೇ ತೂಕಡಿಸುವುದು ನಿಂತಿತು.

ಆಮೇಲೆ ಪುನರ್ವಸು ಮಳೆಯ ಆ ರಾತ್ರಿ. ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಯ್ತು. ರಸ್ತೆಗೂ ಮರ ಬಿದ್ದಿತ್ತು. ನಡುರಾತ್ರಿ ದಾಟುವಷ್ಟರಲ್ಲಿ ಇನ್ವರ್ಟರ್ ಕೂಡ ಕೂಗಿ ಕೂಗಿ ಆರಿತು. ಮಷಿನ್ ನಿಂತ ಮೇಲೆ ಮಾಸ್ಕ್ ತೆಗೆಯಲೇಬೇಕು. ಅಕ್ಕ ಕಂಬಳಿ ಮಡಚಿ ನನ್ನ ಬೆನ್ನಿಗೆ ಒತ್ತು ಕೊಟ್ಟರು. ತಲೆಯ ಕಡೆ ದಿಂಬು ಏರಿಸಿ ಎಡ ಮಗ್ಗುಲಿಗೆ ಮಲಗಿಸಿದರು. ನಾನು ಕಣ್ಣು ಮುಚ್ಚಲಿಲ್ಲ.

"ನಿದ್ದೆ ಮಾಡೋಕೇ ಹೆದರಿಕೆ ಆಗ್ತದೆ ಅಕ್ಕ. ಒಳಗೆ ಅವಳಿಗೂ ಉಸಿರು ಸಿಗದೆ ಹೋದ್ರೆ?" ಅಂತ ಅತ್ತುಬಿಟ್ಟೆ. ಅಷ್ಟು ದಿನ ಯಾರೆದುರೂ ಆ ಮಾತು ಆಡಿರಲಿಲ್ಲ. ಈಗ ಬರೆಯುವಾಗಲೂ ಕೈ ನಡುಗುತ್ತಿದೆ.

ಏನೂ ಆಗಲ್ಲ ಅಂತ ಅಕ್ಕ ಹೇಳಲಿಲ್ಲ. "ನೀನು ಮಲಗು. ನಿನ್ನ ಉಸಿರು ನಾನು ನೋಡ್ಕೊಳ್ತೀನಿ" ಅಂದರು. ನನ್ನ ಪಕ್ಕೆಯ ಮೇಲೆ ಅಂಗೈ ಇಟ್ಟುಕೊಂಡು ಕೂತರು. ಪಕ್ಕೆ ಏಳುವುದು ನಿಂತರೆ ಭುಜ ತಟ್ಟುತ್ತಿದ್ದರು. ನಾನು ಉಸಿರೆಳೆದುಕೊಂಡರೆ ಮತ್ತೆ ಅಂಗೈ ಅಲ್ಲೇ. ಬೆಳಗಾಗುವವರೆಗೂ ಹೀಗೇ. ಆಮೇಲೆ ಎದ್ದು ಸೊಂಟ ಹಿಡಿದುಕೊಂಡೇ ಹಾಲು ಕರೆಯಲು ಕೊಟ್ಟಿಗೆಗೆ ಹೋದರು. ಮಳೆಯಲ್ಲೇ ಮರ ಕಡಿದು ಲೈನ್ ಎಳೆದ ಲೈನ್‌ಮನ್ ಅಣ್ಣಂದಿರಿಗೂ ಇಲ್ಲೇ ನಮಸ್ಕಾರ ಹೇಳಿಬಿಡುತ್ತೇನೆ.

ಹೆರಿಗೆಯ ದಿನ ಅರಿವಳಿಕೆ ಕೊಡುವ ಡಾಕ್ಟರಿಗೆ ಅಪ್ನಿಯಾ ವಿಷಯ ಮೊದಲೇ ಹೇಳಿದವರೂ ಅಕ್ಕನೇ. ಹುಟ್ಟಿದ ಮಗುವಿನ ಶುಗರ್ ಇಳಿದುಬಿಡಬಹುದು ಅಂತ ಹಿಮ್ಮಡಿ ಚುಚ್ಚಿ ನೋಡುತ್ತಿದ್ದಾಗ ಅವಳನ್ನು ಹಿಡಿದು ನಿಂತವರೂ ಅವರೇ.

ಅಕ್ಕ, ನೀವು ಇದನ್ನೆಲ್ಲ ಓದಿ ಬೈಯ್ತೀರ ಅಂತ ಗೊತ್ತು. ಮುಂದಿನ ತಿಂಗಳು ಮತ್ತೊಂದು ಸ್ಲೀಪ್ ಸ್ಟಡಿ ಇದೆ. ಈ ಸಲ ಇವರು ನನ್ನ ಜೊತೆ ಬರ್ತಾರೆ. ನೀವು ಮನೆಯಲ್ಲಿ ಹೊದ್ದು ಮಲಗಿ.