ಗೋಲಿಗೆ ನಿಲ್ಲಲಿರುವ ಪೂವಣ್ಣನಿಗೆ

ಪ್ರೀತಿಯ ಪೂವಣ್ಣ,

ನಿನ್ನ ವಾಯ್ಸ್ ಮೆಸೇಜ್ ಬಸ್ಸಿನಲ್ಲಿ ಕೇಳಿದೆ. ಒಬ್ಬನೇ ಜೋರಾಗಿ ನಕ್ಕುಬಿಟ್ಟೆ, ಪಕ್ಕದವರು ತಿರುಗಿ ನೋಡಿದರು. ನಿನ್ನ ಅಣ್ಣನ ಮಗ ಬೈಕಿನಿಂದ ಬಿದ್ದು ಕೈಗೆ ಪಟ್ಟಿ ಹಾಕಿಸಿಕೊಂಡನಂತೆ, ಈ ಸಲದ ಕೊಡವ ಹಾಕಿ ಹಬ್ಬಕ್ಕೆ ನಿಮ್ಮ ಒಕ್ಕದವರೆಲ್ಲ, ಅಂದರೆ ಮನೆತನದವರೆಲ್ಲ ಸೇರಿ ನಿನ್ನನ್ನೇ ಗೋಲಿಗೆ ನಿಲ್ಲಿಸುವುದು ಅಂತ ತೀರ್ಮಾನ ಮಾಡಿದರಂತೆ. ನಲವತ್ತೇಳು ವರ್ಷಕ್ಕೆ! "ಮೆಟ್ಟಿಲು ಹತ್ತಿದರೆ ಮಂಡಿ ಕಟಕಟ ಅಂತದೆ, ನಾನೆಂಥ ಕೀಪರ್ ಮಾರಾಯ" ಅಂತ ನೀನು ಗೋಳಾಡುವಾಗ ನನಗೆ ಒಬ್ಬ ಮನುಷ್ಯನ ನೆನಪಾಯಿತು. ಅವನ ಕಥೆ ನಿನಗೆ ಹೇಳಿಲ್ಲ. ಹೇಳಲು ಹೊರಟಾಗಲೆಲ್ಲ "ಅದೆಂಥ ಹಾಕಿ, ಜಾರುಬಂಡೆ" ಅಂತ ನನ್ನ ಬಾಯಿ ಮುಚ್ಚಿಸಿದ್ದೀ. ಇವತ್ತು ಸುಮ್ನೆ ಓದು.

2020ರ ಫೆಬ್ರವರಿ 22, ಶನಿವಾರ ರಾತ್ರಿ. ಇಲ್ಲಿ ಟೊರಾಂಟೊದಲ್ಲಿ ಐಸ್ ಹಾಕಿ, ನಮ್ಮೂರಿನ ಮೇಪಲ್ ಲೀಫ್ಸ್ ಮತ್ತು ಅಮೆರಿಕದ ಕ್ಯಾರೊಲೈನಾ ಹರಿಕೇನ್ಸ್ ಪಂದ್ಯ. ಲೀಫ್ಸ್ ಪಂದ್ಯದ ಟಿಕೆಟ್ ದರ ಹೇಳಿದರೆ ನೀನು ಬೈತೀಯ, ಅದಕ್ಕೆ ಹೇಳುವುದಿಲ್ಲ. ಸೀಸನ್ ಟಿಕೆಟ್ ಇದ್ದ ಸಹೋದ್ಯೋಗಿಗೆ ಆ ದಿನ ಬರಲಾಗಲಿಲ್ಲ, ಕೊಂಡ ಬೆಲೆಗೇ ನನಗೆ ಕೊಟ್ಟ. ಎಲ್ಲಕ್ಕಿಂತ ಮೇಲಿನ ಸಾಲು. ಅಲ್ಲಿಂದ ಆಟಗಾರರ ಮುಖ ಕಾಣುವುದಿಲ್ಲ, ಆದರೆ ಆಟದ ನಕಾಶೆ ಪೂರ್ತಿ ಕಾಣುತ್ತದೆ. ಯಾರು ಎಲ್ಲಿಗೆ ನುಗ್ಗುತ್ತಾನೆ, ಯಾರು ಸೋಮಾರಿತನ ಮಾಡಿದ, ಎಲ್ಲ.

ನಾನು ಹಾಕಿಕೊಂಡು ಹೋದ ಜೆರ್ಸಿಯದ್ದೇ ಒಂದು ಕಥೆ. ನಮ್ಮ ಲೀಫ್ಸ್ ಕೊನೆಯ ಸಲ ಸ್ಟ್ಯಾನ್ಲಿ ಕಪ್, ಅಂದರೆ ಇಲ್ಲಿಯ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಕಪ್, ಗೆದ್ದದ್ದು 1967ರಲ್ಲಿ, ನಾವಿಬ್ಬರೂ ಹುಟ್ಟುವ ಮೊದಲು. ಗೊತ್ತಿದ್ದೂ ನಾನು ಇವರ ಹಿಂದೆ ಬಿದ್ದೆ. 2013ರ ಮೇ 13ಕ್ಕೆ ಬಾಸ್ಟನ್‌ನಲ್ಲಿ ಅಲ್ಲಿಯ ತಂಡದ ಎದುರು ಪ್ಲೇಆಫ್ ಸರಣಿಯ ಕೊನೆಯ, ಏಳನೇ ಪಂದ್ಯ. ಇಲ್ಲಿ ಅರೀನಾದ ಹೊರಗೆ ದೊಡ್ಡ ಪರದೆಯ ಮುಂದೆ ಸಾವಿರಾರು ಜನರ ಜೊತೆ ನಿಂತು ನೋಡಿದೆ. ಇಪ್ಪತ್ತಿಪ್ಪತ್ತು ನಿಮಿಷದ ಮೂರು ಪೀರಿಯಡ್‌ನ ಆಟ ಇದು, ಕೊನೆಯದರಲ್ಲಿ ನಾವು 4-1ರಿಂದ ಮುಂದೆ ಇದ್ದೆವು. ಸೋತದ್ದು 5-4ಕ್ಕೆ, ಓವರ್‌ಟೈಮಿನಲ್ಲಿ. ಅವತ್ತು ನಮ್ಮ ಗೋಲಿನಲ್ಲಿದ್ದವನು ಜೇಮ್ಸ್ ರೈಮರ್, 34ನೇ ನಂಬರ್. ಪಾಪ ಅನ್ನಿಸಿ ಮರುವಾರವೇ ಅವನ ಹೆಸರಿನ ಜೆರ್ಸಿ ತಗೊಂಡೆ. ಆಮೇಲೆ ಅವನು ತಂಡ ಬಿಟ್ಟ, ಅದೇ 34 ನಂಬರ್ ಆಸ್ಟನ್ ಮ್ಯಾಥ್ಯೂಸ್‌ಗೆ ಸಿಕ್ಕಿತು. ಹಾಗಾಗಿ ದೂರದಿಂದ ನೋಡಿದವರಿಗೆ ನಾನು ಹೊಸ ಸ್ಟಾರ್‌ನ ಅಭಿಮಾನಿ, ಹತ್ತಿರ ಬಂದು ಹೆಸರು ಓದಿದವರಿಗೆ ಹುಚ್ಚ. ಆ ಶನಿವಾರವಂತೂ ಇನ್ನೂ ಚೆನ್ನ, ಕ್ಯಾರೊಲೈನಾದ ಗೋಲಿನಲ್ಲಿ ನಿಂತವನೇ ರೈಮರ್! ಎದುರು ತಂಡದ ಕೀಪರ್ ಹೆಸರು ಬೆನ್ನಿಗೆ ಹಾಕಿಕೊಂಡು ನಮ್ಮವರಿಗೆ ಜೈ ಅಂತಾ ಕೂತಿದ್ದೆ.

ಟಿವಿಯಲ್ಲಿ ಈ ಆಟದ ಅರ್ಧವೂ ಗೊತ್ತಾಗುವುದಿಲ್ಲ ಪೂವಣ್ಣ, ಮುಖ್ಯವಾಗಿ ಸದ್ದು. ಸ್ಕೇಟಿನ ಅಲಗು ಐಸನ್ನು ಕೊರೆದರೆ ಕತ್ತಿ ಮಸೆದ ಹಾಗೆ ಕೇಳಿಸುತ್ತದೆ. ಚೆಂಡಿನ ಬದಲು ಪಕ್ ಅಂತ ಕಪ್ಪು ರಬ್ಬರಿನ ಬಿಲ್ಲೆ, ಮೂರು ಇಂಚು ಅಗಲ, ಒಂದು ಇಂಚು ದಪ್ಪ. ಪುಟಿಯಬಾರದು ಅಂತ ಆಟಕ್ಕೆ ಮೊದಲು ಅದನ್ನು ಫ್ರೀಜರಿನಲ್ಲಿ ಇಟ್ಟಿರುತ್ತಾರೆ. ಅದು ಸುತ್ತಲಿನ ಹಲಗೆಗೆ ಬಡಿದರೆ ಮೇಲಿನ ಸಾಲಿಗೂ ಠಪ್ ಅಂತ ಬರುತ್ತದೆ. ಆಟಗಾರರು ಮುಕ್ಕಾಲು ನಿಮಿಷಕ್ಕೇ ಉಸಿರು ಬಿಟ್ಟು ಬೆಂಚಿಗೆ ಓಡುತ್ತಾರೆ, ಆಟ ನಿಲ್ಲುವುದಿಲ್ಲ, ಬೇರೆಯವರು ಗೋಡೆ ಹಾರಿ ಒಳಗೆ ಬರುತ್ತಾರೆ. ಕೀಪರ್ ಮಾತ್ರ ಅಲ್ಲೇ. ಗೋಲು ನಿಮ್ಮದರ ಅರ್ಧ ಅಗಲ, ಆರಡಿ, ಎತ್ತರ ನಾಲ್ಕೇ ಅಡಿ. ಚಿಕ್ಕದಲ್ವಾ ಅನ್ನಬೇಡ. ಆ ಬಿಲ್ಲೆ ಬರುವ ವೇಗ ನೋಡಿದರೆ ನೀನೂ ಸುಮ್ಮನಾಗ್ತೀಯ.

ಸರಿ, ಕಥೆಗೆ ಬರ್ತೇನೆ. ಮೊದಲ ಪೀರಿಯಡ್‌ನಲ್ಲೇ ತನ್ನ ತಂಡದವನೇ ಬಂದು ಬಿದ್ದು ರೈಮರ್‌ಗೆ ಪೆಟ್ಟಾಯಿತು, ಹೊರಗೆ ಹೋದ. ಎರಡನೇ ಕೀಪರ್ ಪೆಟ್ರ್ ಮ್ರಾಜೆಕ್ ಬಂದ. ಎರಡನೇ ಪೀರಿಯಡ್‌ನಲ್ಲಿ ಅವನು ಪಕ್ ಹಿಡಿಯಲು ಗೋಲು ಬಿಟ್ಟು ಬಹಳ ಮುಂದೆ ಬಂದ (ನಿನ್ನ ಹಳೇ ಚಾಳಿ!), ನಮ್ಮ ಕೈಲ್ ಕ್ಲಿಫರ್ಡ್‌ಗೆ ಡಿಕ್ಕಿ ಹೊಡೆದು ಬಿದ್ದ. ಅವನೂ ಹೋದ. ತಂಡಕ್ಕೆ ಇರುವುದೇ ಇಬ್ಬರು ಕೀಪರ್. ಇಂಥ ಹೊತ್ತಿಗೆ ಅಂತಲೇ ಆಗ ಊರಿನವರು ಒಬ್ಬ ಬದಲಿ ಕೀಪರನ್ನು ಅರೀನಾದಲ್ಲಿ ಕೂರಿಸಿರುತ್ತಿದ್ದರು, ಯಾವ ತಂಡಕ್ಕೆ ಬೇಕಾದರೂ ಅವನೇ. ಸಾಮಾನ್ಯವಾಗಿ ಅವನು ಪಂದ್ಯ ನೋಡಿ ಮನೆಗೆ ಹೋಗುತ್ತಿದ್ದ.

ಅವತ್ತಿನ ಬದಲಿ ಡೇವಿಡ್ ಏರ್ಸ್, 42 ವರ್ಷ. ಕೆಲಸ ಏನು ಗೊತ್ತಾ? ಐಸ್ ನುಣುಪು ಮಾಡುವ ಜಾಂಬೋನಿ ಗಾಡಿ ಓಡಿಸುವುದು, ಐಸ್ ನೋಡಿಕೊಳ್ಳುವುದು. ಅದೂ ಎಲ್ಲಿ, ಹಳೇ ಮೇಪಲ್ ಲೀಫ್ ಗಾರ್ಡನ್ಸ್ ಕಟ್ಟಡದಲ್ಲಿ. ನಮ್ಮವರು 1967ರ ಕಪ್ ಎತ್ತಿದ್ದು ಅದೇ ಕಟ್ಟಡದಲ್ಲಿ. ಈಗ ಕೆಳಗೆ ದಿನಸಿ ಅಂಗಡಿ ಇದೆ, ಮೇಲೆ ಚಿಕ್ಕದೊಂದು ಐಸ್ ಅಂಕಣ. ಹಳೇ ಅಂಕಣದ ನಟ್ಟನಡುವೆ ಎಲ್ಲಿತ್ತು ಅಂತ ತೋರಿಸಲು ಅಂಗಡಿಯ ನೆಲಕ್ಕೆ ಒಂದು ಕೆಂಪು ಚುಕ್ಕೆ ಹಾಕಿದ್ದಾರೆ, ಅದನ್ನು ತುಳಿದುಕೊಂಡೇ ನಾನು ಎಷ್ಟೋ ಸಲ ಸಾಮಾನು ತಂದಿದ್ದೇನೆ. ಇನ್ನೊಂದು, 2004ರಲ್ಲಿ ಅವನಿಗೆ ಕಿಡ್ನಿ ಬದಲಾಯಿಸಿದ್ದರು, ಕೊಟ್ಟದ್ದು ಅವನ ತಾಯಿ. ಲೀಫ್ಸ್ ಪ್ರಾಕ್ಟೀಸಿಗೂ ಅವನು ಗೋಲಿಗೆ ನಿಲ್ಲುತ್ತಿದ್ದ. ಅಂದರೆ ನಮ್ಮವರಿಗೆಲ್ಲ ಅವನು ಗೊತ್ತಿದ್ದವನೇ.

ಸುರಂಗದಿಂದ ಅವನು ಹೊರಗೆ ಬಂದದ್ದು ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೈಮೇಲೆ ಕ್ಯಾರೊಲೈನಾ ಜೆರ್ಸಿ, ನಂಬರ್ 90. ಕಾಲಿನ ಪ್ಯಾಡು ಮಾತ್ರ ನಮ್ಮೂರಿನ ನೀಲಿ ಬಣ್ಣದ್ದು. ಮದುವೆಗೆ ಬೇರೆಯವರ ಕೋಟು ಹಾಕಿಕೊಂಡು ಬಂದವನ ಹಾಗೆ. ಆಗ ನಾವು 3-1ರಿಂದ ಹಿಂದೆ. ಗೆದ್ದೇ ಬಿಟ್ಟೆವು ಅಂತ ಇಡೀ ಅರೀನಾ ಎದ್ದು ಕೂಗಿತು. ನಾನೂ ಕೂಗಿದೆ, ಸುಳ್ಳು ಯಾಕೆ ಹೇಳಲಿ. ಅವರು ಇನ್ನೊಂದು ಹೊಡೆದು 4-1 ಮಾಡಿದರು. ಆಮೇಲೆ ಅವನ ಕಡೆಗೆ ಬಂದ ಮೊದಲ ಹೊಡೆತ, ನಮ್ಮ ಜಾನ್ ಟವಾರೆಸ್‌ನದ್ದು, ಗೋಲು. ಎರಡನೆಯದು ನಮ್ಮ ಎಂಗ್ವಾಲ್‌ನದ್ದು, ಅದೂ ಗೋಲು. 4-3.

ಮಡಿಕೇರಿಯ ಶಾಲೆ ಮೈದಾನದಲ್ಲಿ ಮಳೆ ಬಿಟ್ಟ ಮಧ್ಯಾಹ್ನ ನೀನು ಕ್ರಿಕೆಟ್ ಪ್ಯಾಡ್ ಕಟ್ಟಿಕೊಂಡು ನಿಂತು ಐದು ನಿಮಿಷದಲ್ಲಿ ಎರಡು ಗೋಲು ಬಿಟ್ಟೆಯಲ್ಲ, ಮುಖದ ತುಂಬ ಕೆಸರು, ಯಾರನ್ನೂ ನೋಡದೆ ನೆಲ ನೋಡುತ್ತಾ. ಅದು ನೆನಪಾಗಿ ನನ್ನ ಕೂಗು ಅರ್ಧಕ್ಕೇ ನಿಂತಿತು.

ಮೂರನೇ ಪೀರಿಯಡ್. ಶುರುವಿನಲ್ಲೇ ಅವರು ಐದನೆಯದು ಹೊಡೆದರು, ಮತ್ತೆ ಆರನೆಯದು. ಅವನ ಮುಂದೆ ಕ್ಯಾರೊಲೈನಾದವರು ಬೇಲಿ ಕಟ್ಟಿದ ಹಾಗೆ ನಿಂತುಬಿಟ್ಟರು. ನಿಮ್ಮಲ್ಲಿ ವಯಸ್ಸಾದ ಮಾವನನ್ನು ಗೋಲಿಗೆ ನಿಲ್ಲಿಸಿ ಹುಡುಗರೆಲ್ಲ ಡಿಫೆನ್ಸಿಗೆ ಬರುತ್ತಾರಲ್ಲ, ಅದೇ. ಕೋಟಿಗಟ್ಟಲೆ ಸಂಬಳದ ನಮ್ಮ ಮಹಾಶಯರು ಇಪ್ಪತ್ತು ನಿಮಿಷದಲ್ಲಿ ಅವನ ಕಡೆ ಹೊಡೆದದ್ದು ಏಳೇ ಏಳು. ಏಳನ್ನೂ ಅವನು ತಡೆದ. ಒಂದನ್ನು ತಡೆದಾಗ ನಾನು ಚಪ್ಪಾಳೆ ತಟ್ಟಿಬಿಟ್ಟೆ, ಗೊತ್ತಿಲ್ಲದೆ ಕೈ ಹೋಯಿತು. ಪಕ್ಕದಲ್ಲಿ ನೀಲಿ ಶಾಲು ಸುತ್ತಿಕೊಂಡ ಮುದುಕ ನನ್ನ ಬೆನ್ನಿನ ಹೆಸರು ಬಗ್ಗಿ ಓದಿ, "ಓ, ಅದಕ್ಕೇ" ಅಂದ. 6-3ಕ್ಕೆ ಸೋತೆವು. ಬೂ ಅಂದವರೂ ನಾವೇ, ಅವನನ್ನು ಪಂದ್ಯದ ಮೊದಲ ಸ್ಟಾರ್ ಅಂತ ಕರೆದಾಗ ಎದ್ದು ನಿಂತವರೂ ನಾವೇ. ಮುದುಕ ಏಳಲಿಲ್ಲ. "ಅರವತ್ತೇಳರಿಂದ ಎಲ್ಲ ನೋಡಿದ್ದೆ, ಇದೊಂದು ಬಾಕಿ ಇತ್ತು" ಅಂತ ಟೋಪಿ ಹಾಕಿಕೊಂಡು ಹೊರಟ. ಮೂರು ವಾರದೊಳಗೆ ಕೊರೋನಾ ಬಂದು ಲೀಗೇ ನಿಂತಿತು.

ಏರ್ಸ್ ಹಿಡಿದಿದ್ದ ಸ್ಟಿಕ್ಕನ್ನು ಇಲ್ಲಿಯ ಹಾಕಿ ಹಾಲ್ ಆಫ್ ಫೇಮ್‌ಗೆ ತೆಗೆದುಕೊಂಡರು. ಇಲ್ಲಿಯವರಿಗೆ ಅದು ದೊಡ್ಡ ಅಚ್ಚರಿ. ನನಗೆ ಅಷ್ಟೇನೂ ಅನ್ನಿಸಲಿಲ್ಲ, ಯಾಕೆಂದರೆ ನಿಮ್ಮ ಹಬ್ಬದಲ್ಲಿ ಬ್ಯಾಂಕಿನ ಮ್ಯಾನೇಜರು, ತೋಟದಿಂದ ನೇರ ಬಂದವರು, ಮೊನ್ನೆ ಮದುವೆಯಾಗಿ ಬಂದ ಹುಡುಗಿ ಎಲ್ಲರೂ ಒಂದೇ ತಂಡದಲ್ಲಿ ಆಡುವುದನ್ನು ನೋಡಿ ಬೆಳೆದವನು ನಾನು. 2024ರಲ್ಲಿ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಮನೆತನ ನಡೆಸಿದ ಹಬ್ಬದ ಕಪ್ಪಿಗೆ 360 ತಂಡ ಆಡಿದವು ಅಂತ ಆಫೀಸಿನಲ್ಲಿ ಹೇಳಿದೆ, ಮನೆತನಕ್ಕೊಂದು ತಂಡ ಅಂದೆ. ಯಾರೂ ನಂಬಲಿಲ್ಲ. ಇಡೀ ಎನ್‌ಎಚ್‌ಎಲ್‌ನಲ್ಲಿ ಇರುವುದೇ 32.

ಅದಕ್ಕೇ ನಿಲ್ಲು ಮಾರಾಯ. ಮೊದಲ ಎರಡು ಹೋದರೆ ಹೋಗಲಿ. ಪಂದ್ಯ ಯಾವ ದಿನ ಅಂತ ತಿಳಿಸು. ಅಲ್ಲಿ ಬೆಳಗ್ಗೆ ಹತ್ತು ಅಂದರೆ ಇಲ್ಲಿ ನಡುರಾತ್ರಿ ಹನ್ನೆರಡೂವರೆ, ಲೈವ್ ಹಾಕಿಕೊಂಡು ಎದ್ದಿರುತ್ತೇನೆ, ರೈಮರ್ ಜೆರ್ಸಿ ಹಾಕಿಕೊಂಡೇ. ಅಣ್ಣನ ಮಗನ ಹೆಲ್ಮೆಟ್ ಮಾತ್ರ ನೆಚ್ಚಿಕೊಳ್ಳಬೇಡ, ನಿನ್ನ ತಲೆಗೆ ಅದು ಹಿಡಿಸುವುದಿಲ್ಲ, ಇವತ್ತೇ ಹಾಕಿ ನೋಡು.

ನಿನ್ನ,
ಸತೀಶ