ಗೆಳೆಯನಿಗೊಂದು ಪತ್ರ: ಟೇಬಲ್ಲು ಹೋಯಿತು

ಪ್ರಿಯ ಗೆಳೆಯ,

ಅಂಗಿಗಳ ಮೇಲೆ ಚಿತ್ರ ಒತ್ತುತ್ತಿದ್ದ ನಮ್ಮ ನಾಲ್ಕು ಬಣ್ಣದ ಸ್ಕ್ರೀನ್ ಪ್ರಿಂಟಿಂಗ್ ಟೇಬಲ್ಲನ್ನು ಮಾರಿಬಿಟ್ಟೆ. ಈ ಸುದ್ದಿಯನ್ನು ಫೋನಿನಲ್ಲಿ ಹೇಳದೆ ಎಲ್ಲರೂ ಓದುವ ಕಡೆ ಬರೆದದ್ದಕ್ಕೆ ನೀನು ಬೈಯುತ್ತೀಯೆಂದು ಗೊತ್ತು. ಆದರೆ ನಾಲ್ಕು ಜನರೆದುರು ಬೈಯುವಾಗ ನೀನು ಭಾಷೆಯನ್ನು ಸ್ವಲ್ಪ ಹಿಡಿತದಲ್ಲಿಟ್ಟುಕೊಳ್ಳುತ್ತೀಯೆಂಬ ಲೆಕ್ಕಾಚಾರ ನನ್ನದು. ನಮ್ಮಿಬ್ಬರಿಗಷ್ಟೇ ಗೊತ್ತಿರುವ ಆ ಹಸಿರು ನವಿಲಿನ ಆಣೆ, ಅವಸರದಲ್ಲಿ ಮಾರಿದ್ದಲ್ಲ.

ಕಾರಣ ಜಾಗ. ಈಗ ಬರುವ ಆರ್ಡರುಗಳೆಲ್ಲ ಹತ್ತು ಹನ್ನೆರಡು ಅಂಗಿಗಳವು, ಅದರಲ್ಲೂ ಒಂದೊಂದರ ಮೇಲೆ ಒಂದೊಂದು ಹೆಸರು. ಅಷ್ಟಕ್ಕಾಗಿ ಫಿಲಂ ತೆಗೆಸಿ, ಬಣ್ಣಕ್ಕೊಂದರಂತೆ ಸ್ಕ್ರೀನಿಗೆ, ಅಂದರೆ ಫ್ರೇಮಿಗೆ ಬಿಗಿದ ಮೆಶ್ ಜಾಲರಿಗೆ, ಬೆಳಕಿಗೆ ಗಟ್ಟಿಯಾಗುವ ಲೇಪ ಹಚ್ಚಿ ಒಣಗಿಸಿ, ಬೆಳಕಿಗೊಡ್ಡಿ ಎಕ್ಸ್‌ಪೋಸ್ ಮಾಡಿ ತೊಳೆದು, ಬಣ್ಣದ ಮೇಲೆ ಬಣ್ಣ ಸರಿಯಾಗಿ ಬೀಳುವಂತೆ ರಿಜಿಸ್ಟ್ರೇಷನ್ ಕೂರಿಸುವಷ್ಟರಲ್ಲಿ, ಚಿತ್ರವನ್ನು ಫಿಲಂ ಹಾಳೆಯ ಮೇಲೆ ಮುದ್ರಿಸುವ ಡಿಟಿಎಫ್ ಪ್ರಿಂಟರು ಮತ್ತು ಅದನ್ನು ಬಿಸಿಯಿಂದ ಬಟ್ಟೆಗೆ ಅಂಟಿಸುವ ಹೀಟ್ ಪ್ರೆಸ್ ಸೇರಿ ಇಡೀ ಆರ್ಡರನ್ನೇ ಮುಗಿಸಿರುತ್ತವೆ. ಒಂದೇ ಚಿತ್ರ ನೂರಾರು ಅಂಗಿಗಳ ಮೇಲೆ ಬೀಳಬೇಕಾದರೆ ಲೆಕ್ಕ ಇಂದಿಗೂ ಸ್ಕ್ರೀನಿನ ಪರವಾಗಿಯೇ ಇದೆ. ಅಂಥ ಕೆಲಸ ನನ್ನ ಬಾಗಿಲಿಗೆ ಬರುವುದು ನಿಂತಿದೆ, ಅಷ್ಟೆ. ಟೇಬಲ್ಲೋ, ತಾನು ನಿಂತ ಜಾಗ ಸಾಲದೆಂದು ಸ್ಕ್ರೀನು ಹಿಡಿಯುವ ತನ್ನ ಕೈಗಳು ಸುತ್ತುವ ಜಾಗವನ್ನೂ ಕೇಳುತ್ತದೆ. ಒತ್ತಿದ ಇಂಕನ್ನು ಕಾಯಿಸುವ ಡ್ರೈಯರಿನ ಬೆಲ್ಟಿನ ಮೇಲೆ ರಟ್ಟಿನ ಪೆಟ್ಟಿಗೆಗಳು ಪೇರಿಕೊಂಡ ದಿನವೇ ನಾನು ಇದನ್ನು ತೀರ್ಮಾನಿಸಬೇಕಿತ್ತು.

ಮಾರುವುದೂ ಒಂದು ಉದ್ಯೋಗವೆಂದು ತಿಳಿದದ್ದು ಈಗ. ಅಲ್ಯುಮಿನಿಯಂ ಫ್ರೇಮುಗಳು ಮೊದಲು ಹೋದವು, ಏಕೆಂದರೆ ಮೆಶ್ ಹರಿದಿದ್ದರೂ ಹೊಸದನ್ನು ಬಿಗಿದುಕೊಳ್ಳಬಹುದು. ನೀರು ಕುಡಿದು ತಿರುಚಿಕೊಂಡ ಮರದ ಫ್ರೇಮುಗಳನ್ನು ಯಾರೂ ಮುಟ್ಟಲಿಲ್ಲ. ಎಕ್ಸ್‌ಪೋಸಿಂಗ್ ಪೆಟ್ಟಿಗೆಯ ಟ್ಯೂಬುಗಳು ಹೊತ್ತಿಕೊಳ್ಳುತ್ತವೆ ನಿಜ, ಆದರೆ ಕಣ್ಣಿಗೆ ಬೆಳಕು ಕಂಡ ಮಾತ್ರಕ್ಕೆ ಲೇಪವನ್ನು ಗಟ್ಟಿ ಮಾಡುವ ಯುವಿ ಕಿರಣ ಮೊದಲಿನಷ್ಟಿದೆ ಎನ್ನಲಾಗದು. ಅದನ್ನು ಮೊದಲೇ ಹೇಳಿ ಕೊಟ್ಟೆ. ಲೇಪ ಬೆಳಕಿಗೆ ಸ್ಪಂದಿಸಲೆಂದು ಬೆರೆಸುವ ಬೈಕ್ರೋಮೇಟಿನ ಹಳೆಯ ಡಬ್ಬಿಯನ್ನು ಮಾತ್ರ ಯಾರಿಗೂ ಕೊಡಲಿಲ್ಲ. ಕ್ಯಾನ್ಸರ್ ತರಬಲ್ಲ ಆ ಕಿತ್ತಳೆ ಪುಡಿಯನ್ನು ಚರಂಡಿಗೆ ಸುರಿಯುವಂತಿರಲಿಲ್ಲ, ಅಪಾಯಕಾರಿ ತ್ಯಾಜ್ಯ ಒಯ್ಯುವವರಿಗೆ ಒಪ್ಪಿಸಿದೆ. ಗಿರಾಕಿಗಳ ಚಿತ್ರವಿದ್ದ ಸ್ಕ್ರೀನುಗಳನ್ನೆಲ್ಲ ಲೇಪ ಕಿತ್ತುಹಾಕುವ ಸ್ಟ್ರಿಪ್ಪರ್ ಹಾಕಿ ತೊಳೆದೆ. ತೊಳೆದ ಮೇಲೂ ಬೆಳಕಿಗೆ ಹಿಡಿದರೆ ಮೆಶ್‌ನಲ್ಲಿ ಕಲೆ ಉಳಿದಿತ್ತು: ಯಾವುದೋ ಓಟದ ಸ್ಪರ್ಧೆಯ ಅಂಕಿಯ ಮೇಲೆ ಯಾರದೋ ಮದುವೆಯ ಹೆಸರು, ಅದರ ಮೇಲೆ ಒಂದು ಬೆಕ್ಕು.

ಟೇಬಲ್ಲನ್ನು ಕೊಂಡವಳು ಒಬ್ಬ ಹುಡುಗಿ. ನೀನಿದ್ದಿದ್ದರೆ ಸ್ಯಾಮ್ಯುಯೆಲ್ ಸೈಮನ್ನನ 1907ರ ಸ್ಕ್ರೀನ್ ಪ್ರಿಂಟಿಂಗ್ ಪೇಟೆಂಟಿನಿಂದ ಪುರಾಣ ಆರಂಭಿಸಿ ಅವಳನ್ನು ಓಡಿಸಿಬಿಡುತ್ತಿದ್ದೆ. ಅವಳು ಹೆಚ್ಚು ಮಾತನಾಡಲಿಲ್ಲ. ಒಂದೊಂದು ಕೈಯನ್ನೂ ಇಳಿಸಿ ಎಡಕ್ಕೂ ಬಲಕ್ಕೂ ಅಲುಗಾಡಿಸಿ ನೋಡಿದಳು, ಸ್ಕ್ರೀನಿನ ಮೇಲೆ ಇಂಕು ಎಳೆಯುವ ಸ್ಕ್ವೀಜಿಯ ರಬ್ಬರಿನ ಅಂಚಿನ ಮೇಲೆ ಹೆಬ್ಬೆರಳು ಎಳೆದಳು, ಆಮೇಲೆ ಒಂದು ಚಿಂದಿ ಬಟ್ಟೆ ಕೇಳಿ, ಎರಡು ಸ್ಕ್ರೀನು ಕೂರಿಸಿ, ಬಣ್ಣ ಸರಿಯಾಗಿ ಕೂರುತ್ತದೆಯೇ ನೋಡಲು ಮೊದಲು ಕಪ್ಪು ಕೂಡುಗುರುತನ್ನೂ (+) ಅದರ ಮೇಲೆ ಕೆಂಪನ್ನೂ ಒತ್ತಿದಳು.

ಇಲ್ಲಿಂದ ಮುಂದಿನದನ್ನು ಬರೆಯಬೇಕೆಂದು ನಾನು ಕೂತಿರಲಿಲ್ಲ. ಅವಳು ಎರಡನೆಯ ಸ್ಕ್ರೀನನ್ನು ಎತ್ತುವಾಗ ನಾನು ಉಸಿರು ಬಿಗಿಹಿಡಿದು ನಿಂತಿದ್ದದ್ದು ಟೇಬಲ್ಲು ಮರ್ಯಾದೆ ಉಳಿಸಲಿ ಎಂದಲ್ಲ. ಕೆಂಪು ಕೂದಲೆಳೆಯಷ್ಟಾದರೂ ಪಕ್ಕಕ್ಕೆ ಸರಿದಿರಲಿ ಎಂದು. ಸರಿದಿರಲಿಲ್ಲ. ಕೆಂಪು ಕಪ್ಪಿನ ಮೇಲೆ ಸರಿಯಾಗಿ ಕೂತಿತ್ತು, ಅಂಚಿನಲ್ಲಿ ಒಂದು ಎಳೆಯೂ ಹೊರಗೆ ಇಣುಕಿರಲಿಲ್ಲ. ಕೇಳಿದವರಿಗೆಲ್ಲ ನಾನು ಹೇಳುತ್ತ ಬಂದದ್ದು, ಟೇಬಲ್ಲಿಗೆ ವಯಸ್ಸಾಯಿತು, ಜಾಯಿಂಟುಗಳು ಸವೆದಿವೆ, ಇನ್ನು ಮೊದಲಿನ ಕೆಲಸ ಬಾರದು ಎಂದು. ಅದು ಸುಳ್ಳೆಂದು ನನಗೆ ಬಹಳ ಕಾಲದಿಂದ ಗೊತ್ತಿತ್ತೆಂಬುದು ಆ ಚಿಂದಿ ಬಟ್ಟೆಯನ್ನು ನೋಡುವಾಗ ಹೊಳೆಯಿತು. ದೊಡ್ಡ ಆರ್ಡರುಗಳು ಬರುವುದು ನಿಂತದ್ದಕ್ಕೂ, ನಾನು ಅವನ್ನು ಹುಡುಕಿಕೊಂಡು ಹೋಗುವುದನ್ನು ನಿಲ್ಲಿಸಿದ್ದಕ್ಕೂ ನಡುವೆ ಯಾವುದು ಮೊದಲು ಎಂದು ನೀನು ಕೇಳಿದರೆ, ಉತ್ತರ ಹೇಳುವ ಮುಖ ನನಗಿಲ್ಲ. ದಣಿವು ಎಂಬುದು ಬೆನ್ನಿಗೂ ಭುಜಕ್ಕೂ ಬರುವಂಥದ್ದೆಂದು ತಿಳಿದಿದ್ದೆ. ನನಗೆ ಆ ಕೆಲಸವೇ ಬೇಡವಾಗಿತ್ತು ಗೆಳೆಯಾ, ಅದನ್ನು ಹೇಳಲು ಒಂದು ಕಬ್ಬಿಣದ ಟೇಬಲ್ಲಿನ ಹಿಂದೆ ಅಡಗಿಕೊಂಡಿದ್ದೆ. ಆ ಹುಡುಗಿಯ ಮೇಲೆ ಆ ಕ್ಷಣದಲ್ಲಿ ಹುಟ್ಟಿದ ಹೊಟ್ಟೆಕಿಚ್ಚು ನಾಚಿಕೆ ತರುವಂಥದು. ಅವಳು ಹಣ ಎಣಿಸಿ ಕೊಡುವಾಗಲೂ ಅದು ಇಳಿದಿರಲಿಲ್ಲ.

ಸಾಕು, ಓದುವವರು ನನ್ನನ್ನು ಭಾವುಕನೆಂದುಕೊಂಡಾರು. ಹೊಟ್ಟೆಕಿಚ್ಚನ್ನು ಮುಚ್ಚಿಕೊಳ್ಳಲು ನಾನು ಅತಿ ಉದಾರಿಯಾಗಿ, ಸ್ಕ್ವೀಜಿಗಳನ್ನೆಲ್ಲ ಬಿಟ್ಟಿಯಾಗಿ ಕೊಟ್ಟು, ಬಿಸಿಗೆ ಮಾತ್ರ ಗಟ್ಟಿಯಾಗುವ ನಮ್ಮ ಪ್ಲಾಸ್ಟಿಸಾಲ್ ಇಂಕು ಒಳಗಿನವರೆಗೂ 160 ಡಿಗ್ರಿ ಸೆಲ್ಸಿಯಸ್ಸಿಗೆ ಏರದಿದ್ದರೆ ಒಗೆತಕ್ಕೆ ನಿಲ್ಲದೆಂದು ಒಂದು ಉಪನ್ಯಾಸವನ್ನೂ ಸೇರಿಸಿ ಕಳಿಸಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡು, "ಗೊತ್ತು ಸರ್" ಎಂದಳು. ಬಿಡುವಾದ ಜಾಗವನ್ನು ಏನು ಮಾಡಿದೆ ಎಂದು ಕೇಳಬೇಡ. ರಟ್ಟಿನ ಪೆಟ್ಟಿಗೆಗಳಿಗೆ ನನಗಿಂತ ಮೊದಲೇ ಅದರ ಸುಳಿವು ಸಿಕ್ಕಿತ್ತು. ಮರದ ಫ್ರೇಮುಗಳನ್ನೆಲ್ಲ ನಿನ್ನ ಪಾಲಿಗೆ ಬರೆದಿಟ್ಟಿದ್ದೇನೆ. ಬೇಡವೆನ್ನುವ ಹಕ್ಕನ್ನು ನೀನು ನವಿಲಿನ ದಿನವೇ ಕಳೆದುಕೊಂಡಿದ್ದೀಯ, ಆದ್ದರಿಂದ ಬರುವಾಗ ಗಾಡಿ ತಂದುಬಿಡು.

ಇಂತಿ ನಿನ್ನ,
ಮಾಜಿ ಮುದ್ರಕ